ಕೊಟ್ರಮ್ಮನ ಸಮುದ್ರ

ಕೊಟ್ರಮ್ಮನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಆ ಫೋಟೋ ಸಿಕ್ಕಿತು. ಹಿಂದೆ ಸಮುದ್ರ, ಮುಳುಗುತ್ತಿರುವ ಕೆಂಪು ಸೂರ್ಯ. ಮುಂದೆ ನಗುತ್ತ ನಿಂತ ಕೊಟ್ರಮ್ಮ. ಹಿಂಬದಿಯಲ್ಲಿ ಅವಳದೇ ಅಕ್ಷರ: ‘ಸಮುದ್ರದ ದಡದಲ್ಲಿ, ಸಂಜೆ. ೧೨-೫-೨೦೧೯.’

ಚಿಕ್ಕಬಸಪ್ಪನವರು ತಾರೀಖನ್ನು ಎರಡು ಸಲ ಓದಿದರು. ಆ ಮೇ ತಿಂಗಳಲ್ಲಿ ಹೆಂಡತಿ ನಾಲ್ಕು ದಿನ ಪರಶುರಾಂಪುರದ ತಂಗಿಯ ಮನೆಗೆಂದು ಹೇಳಿ ಹೋಗಿದ್ದಳು. ಹಾಗಾದರೆ ಸಮುದ್ರಕ್ಕೆ ಕರೆದೊಯ್ದವರು ಯಾರು? ಫೋಟೋ ತೆಗೆದವರು ಯಾರು?

ಮರುದಿನ ಅವಳ ವರ್ಷದ ಪೂಜೆ. ಈ ಸಂಶಯ ಇಟ್ಟುಕೊಂಡು ಅವಳ ಸಮಾಧಿಗೆ ವಿಭೂತಿ ಹಚ್ಚುವುದು ಹೇಗೆ? ಪಕ್ಕದ ಮನೆಯ ನಬೀ ಸಾಬರನ್ನು ಕರೆದರು. ಅವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್.

“ರಿಟೈರ್ ಆದ್ಮೇಲೆ ಮೊದಲ್ನೇ ಕೇಸು. ಮೊದ್ಲು ಚಾ ಕುಡಿಸ್ರಿ,” ಎಂದರು ಸಾಬರು. ಫೋಟೋ ನೋಡಿದ ಮೇಲೆ ತಮಾಷೆ ನಿಂತಿತು.

ಕೊಟ್ರಮ್ಮನ ತಂಗಿ ರಾಧಮ್ಮ ಪೂಜೆಗೆಂದು ಬಂದಿದ್ದಳು. ಅವಳನ್ನು ಸಾಬರು ಕೇಳಿದರು — “ಹತ್ತೊಂಬತ್ತರ ಮೇ ತಿಂಗ್ಳಾಗೆ ಅಕ್ಕ ನಿಮ್ಮನೇಲಿ ಎಷ್ಟು ದಿನ ಇದ್ರಮ್ಮಾ?”

“ನಾಲ್ಕು ದಿನಾನೂ ಇದ್ಲು.”

“ಸುಳ್ಳು!” — ಚಿಕ್ಕಬಸಪ್ಪನವರು ಕೂಗಿದರು.

“ಅಕ್ಕನ ಆಣೆ, ಭಾವ! ಒಂದಿನ ಮಾತ್ರ ಪೇಟೆ ಕಡೆ ಒಬ್ಳೇ ಹೋದ್ಲು. ಒಂದು ಗಂಟೇಲಿ ಬಂದ್ಲು.”

“ಏನು ತಂದ್ರು?” — ಸಾಬರು.

“ಏನೂ ಇಲ್ಲ. ಮುಖಕ್ಕೆ ಪೌಡರ್ ಬಳ್ಕಂಡು ಹೋಗಿದ್ಲು. ಮದುಮಗಳಂಗೆ ಹೊಂಟೀಯಲ್ಲೇ ಅಂತ ನಕ್ಕಿದ್ದೆ.”

“ಒಂದು ಗಂಟೇಲಿ ಯಾವ ಸಮುದ್ರ ಸಿಗ್ತೈತೆ?” ಎಂದು ಗೊಣಗಿ, ಸಾಬರು ಫೋಟೋ ಜೇಬಿಗಿಟ್ಟು ಪರಶುರಾಂಪುರದ ಬಸ್ಸು ಹತ್ತಿದರು.

ಸಂಜೆ ಬಂದರು. “ಸಮುದ್ರ ನೋಡ್ಕೊಂಡು ಬಂದೆ. ಗೋವರ್ಧನನ ಫೋಟೋ ಸ್ಟುಡಿಯೋದಾಗೆ ನೇತಾಕೈತೆ. ಬರೀ ಬಣ್ಣ ಬಳಿದ ಪರದೆ. ಒಂದು ಕಡೆ ಹರಿದೈತೆ.”

“ಪರದೆ?”

“ಇಲ್ಲಿ ನೋಡ್ರಿ. ತಲೆ ಪಕ್ಕ ಕಪ್ಪಗೆ ಏನೈತೆ?”

“ಅವಳ ನೆರಳು.”

“ಎಲ್ಲಿ ಬಿದ್ದೈತೆ?”

“ಆಕಾಶದ —” ಚಿಕ್ಕಬಸಪ್ಪನವರು ಫೋಟೋ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದರು.

“ಮನುಷ್ಯರ ನೆರಳು ಆಕಾಶದ ಮೇಲೆ ಬೀಳ್ತೈತೇನ್ರಿ? ನಾವು ಸೂರ್ಯನ್ನೇ ನೋಡಿದ್ವಿ, ನೆರಳು ನೋಡ್ಲಿಲ್ಲ. ಕೊಟ್ರಮ್ಮಾರು ಸುಳ್ಳು ಹೇಳಿಲ್ಲ.”

“ಮತ್ತೆ ಹಿಂಗ್ಯಾಕೆ ತೆಗೆಸ್ಕಂಡ್ಲು?”

“ಅದನ್ನೂ ಕೇಳ್ದೆ. ಪರದೆ ಮೇಲಿನ ನೀರು ಮುಟ್ಟಿ ಮುಟ್ಟಿ ನೋಡಿದ್ರಂತೆ, ಅದಕ್ಕೇ ಗೋವರ್ಧನನಿಗೆ ನೆನಪೈತೆ. ‘ಮುಂದಿನ ವರ್ಷ ನಮ್ಮೆಜಮಾನ್ರು ಮಿಲ್ಲಿಗೆ ರಜೆ ಕೊಟ್ಟು ಕರ್ಕೊಂಡೋಗ್ತಾರೆ. ಅಲ್ಲೀಗಂಟ ಇದು ಇರ್ಲಿ’ ಅಂದ್ರಂತೆ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಎಷ್ಟು ವರ್ಷ ಹೇಳಿದ್ರಿ?”

ಚಿಕ್ಕಬಸಪ್ಪನವರು ಮನೆಯೆದುರಿನ ತಮ್ಮ ಎಣ್ಣೆ ಮಿಲ್ಲಿನ ಕಡೆ ನೋಡಿದರು. “ಮೂವತ್ತೊಂದು.”

“ಹಂಗಾದ್ರೆ ತಪ್ಪು ಮಾಡ್ದೋರು ಸಿಕ್ಕಿದ್ರು. ನೀವೇ, ಚಿಕ್ಕಬಸಪ್ಪಾರೆ.”

ಚಿಕ್ಕಬಸಪ್ಪನವರು ಫೋಟೋದ ನೀರಿನ ಮೇಲೆ ಬೆರಳಾಡಿಸಿದರು. ಕಡೆಗೆ ಮೆಲ್ಲಗೆ ಅಂದರು:

“ಸುಳ್ಳು ಹೇಳಿ ಹೋಗಿದ್ರೇ ಚೆನ್ನಾಗಿತ್ತು, ಸಾಬ್ರೆ. ಒಂದ್ಸಲ ಸಮುದ್ರ ನೋಡಿರ್ತಿದ್ಲು.”