ಕಾರಿನ ಜೊತೆ ಹೋದ ಇನ್ವರ್ಟರ್

2009ರ ಏಪ್ರಿಲ್ 20, ಸೋಮವಾರ. ಬೆಳಿಗ್ಗೆ 9.40ಕ್ಕೆ ಮೈಸೂರು ರಸ್ತೆಯ ಪೊಲೀಸ್ ಠಾಣೆಗೆ ಬಂದ ಉಗ್ರಪ್ಪನವರು ಮೊದಲು ಒಂದು ಲೋಟ ನೀರು ಕೇಳಿದರು. ಕೊಟ್ಟ ನೀರನ್ನು ಕುಡಿಯದೆ ಮೇಜಿನ ಮೇಲಿಟ್ಟು, ತಮ್ಮ ಕಾರು ಕಳವಾಗಿದೆ ಎಂದರು.

ಇನ್ಸ್‌ಪೆಕ್ಟರ್ ಫಕೀರೇಶರಿಗೆ ಒಳಗೊಳಗೇ ಮೈ ಉರಿಯಿತು. ಲೋಕಸಭಾ ಚುನಾವಣೆಗೆ ಮೂರೇ ದಿನ. ಠಾಣೆಯ ಅರ್ಧ ಜನ ಬಂದೋಬಸ್ತಿಗೆ, ಉಳಿದರ್ಧ ಚೆಕ್‌ಪೋಸ್ಟಿಗೆ ಹೋಗಿದ್ದರು. ಕಾರು ಕದಿಯುವವರಿಗೆ ಒಂದು ವಾರ ಕಾಯಲು ಏನಾಗಿತ್ತು ಎಂದುಕೊಂಡು ಪೆನ್ನು ತೆಗೆದರು.

"ಯಾವ ಕಾರ್ ರೀ?"

ಉಗ್ರಪ್ಪ ಹೇಳಿದ ಹೆಸರು ಫಕೀರೇಶರ ಬಾಯಲ್ಲಿ ಹೊರಳಲಿಲ್ಲ. ಹಿಂದೆ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಬೆಟ್ಟಯ್ಯ ಬಗ್ಗಿ ನೋಡಿದರು. "ಸಾರ್, ಅದು ಆ ಕೆಂಪು ಕಾರು. ನಾಯಂಡಹಳ್ಳಿ ಶೆಡ್ಡಲ್ಲಿ ಎಸಿ ಹಾಕಿ ಇಟ್ಟಿದ್ರಲ್ಲ, ಅದು."

ಆ ಕಾರಿನ ಸುದ್ದಿ ಆ ಭಾಗದಲ್ಲಿ ಕೇಳದವರೇ ಇರಲಿಲ್ಲ. ಉಗ್ರಪ್ಪ ಐವತ್ತಾರರ ಮನುಷ್ಯ. ಒಂದು ಲೇತ್‌ನಿಂದ ಶುರುಮಾಡಿ ರಾಜಾಜಿನಗರದಲ್ಲಿ ಲೋಹದ ಅಚ್ಚು ಮಾಡುವ ಪ್ರೆಸ್ ಟೂಲ್ ವರ್ಕ್‌ಶಾಪು ಕಟ್ಟಿದವರು. 2006ರಲ್ಲಿ ಅವರಿಗೆ ಈ ಹುಚ್ಚು ಹಿಡಿಯಿತು. ಇಟಲಿಯಲ್ಲಿ ಕೈಯಲ್ಲೇ ಕಟ್ಟಿದ ಕಾರು, ಲೋಕದಲ್ಲೆಲ್ಲ ಎಂಬತ್ತೇ ಇದ್ದವಂತೆ. ಇಬ್ಬರ ಕೈ ದಾಟಿ ದುಬೈಯಲ್ಲಿದ್ದುದನ್ನು ತರಿಸಿದರು, ಮುಂಬಯಿ ಬಂದರಿನಲ್ಲಿ ಅದು ನಾಲ್ಕು ತಿಂಗಳು ಕೊಳೆಯಿತು. ಕೊಂಡದ್ದು ಒಂದೇ ಸಲ, ಆದರೆ ಆಮೇಲಿನ ಮೂರು ವರ್ಷ ಅದನ್ನು ದಿನಾ ಕೊಳ್ಳುತ್ತಲೇ ಇದ್ದರು. ಓಡದೆ ನಿಂತಿದ್ದರೂ ಟೈರಿಗೆ ವಯಸ್ಸಾಗುತ್ತದೆ, ಬದಲಿಸಬೇಕು. ಬೆಲ್ಟು ಬದಲಿಸಲು ಇಡೀ ಎಂಜಿನ್ ಇಳಿಸಬೇಕು. ನಂದಿನಿ ಲೇಔಟಿನ ಸೈಟು ಕ್ಲಚ್ಚಿಗೆ ಹೋಯಿತು. ಬ್ಯಾಟರಿ ಒಮ್ಮೆ ಸತ್ತರೆ ಕಾರಿನ ಕಂಪ್ಯೂಟರು ಬಾಗಿಲು ಹಾಕಿಕೊಳ್ಳುತ್ತದೆ, ಬಿಡಿಸಲು ದುಬೈಯಿಂದ ಲ್ಯಾಪ್‌ಟಾಪ್ ಹಿಡಿದ ಮನುಷ್ಯ ವಿಮಾನ ಹತ್ತಬೇಕು. ಹಾಗಾಗಿ ಕಾರು ಹಗಲೂ ರಾತ್ರಿ ಚಾರ್ಜರಿಗೆ ಅಂಟಿಕೊಂಡೇ ಇರುತ್ತಿತ್ತು.

"ಹೆಂಡ್ತಿ ಹೋಗಿ ಒಂದು ತಿಂಗಳಾಯ್ತು ಸಾರ್," ಎಂದರು ಉಗ್ರಪ್ಪ. "ಮನೇಲಿ ಒಬ್ನೇ. ಉಳಿದಿರೋದು ಅದೊಂದೇ. ಹುಡುಕಿಕೊಡಿ."

ಅವರ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕಾರು ಹೋದದ್ದು ಗೊತ್ತಾದದ್ದು ಈ ದಿನ ಬೆಳಿಗ್ಗೆ. ಆ ಕಣ್ಣು ನಿದ್ದೆ ಕಂಡು ಮಾತ್ರ ಎರಡು ಮೂರು ದಿನವಾಗಿತ್ತು. ಇದನ್ನು ಫಕೀರೇಶ ದೂರಿನಲ್ಲಿ ಬರೆಯಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡರು. 10.30ಕ್ಕೆ ಭಾರತೀಯ ದಂಡ ಸಂಹಿತೆ 379ರ ಅಡಿ ಎಫ್‌ಐಆರ್ ದಾಖಲಾಯಿತು.

ಪಂಚನಾಮೆ 11.15ಕ್ಕೆ ಆರಂಭ. ಶೆಡ್ಡಿನ ಬೀಗ ಒಡೆದಿರಲಿಲ್ಲ. ಇದ್ದದ್ದು ಎರಡು ಕೀ: ಒಂದು ಉಗ್ರಪ್ಪನವರಲ್ಲಿ, ಇನ್ನೊಂದು ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ಮಹೇಶನಲ್ಲಿ. ಮಹೇಶ ಮೂವತ್ತೈದರವನು, ಹೊಸಹಳ್ಳಿಯವನು. ಹದಿನೈದು ವರ್ಷದಿಂದ ಉಗ್ರಪ್ಪನವರಲ್ಲೇ ಇದ್ದಾನೆ. ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದ.

ನೆಲದ ಮೇಲೆ, ನಾಲ್ಕು ಚಕ್ರ ಇರಬೇಕಾದ ಜಾಗದಲ್ಲಿ, ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿ ಒಣಗಿದ್ದವು. ಬೆಟ್ಟಯ್ಯ ಕುಕ್ಕುರುಗಾಲಲ್ಲಿ ಕೂತು ನೋಡಿದರು.

"ಇಪ್ಪತ್ತೆರಡು ವರ್ಷ ಸರ್ವೀಸು ಸಾರ್. ಕದಿಯೋ ಗಾಡಿಗೆ ನಿಂಬೆಹಣ್ಣು ಇಟ್ಟು ತೆಗೆದೋನು ಇವನೊಬ್ನೆ."

ಮೂಲೆಯ ಕಟ್ಟೆಯ ಮೇಲೆ ಧೂಳಿಲ್ಲದ ಎರಡು ಚೌಕ, ಗೋಡೆಯಿಂದ ಇಳಿಬಿದ್ದ ಎರಡು ವೈರು. ವೈರಿನ ತುದಿಗೆ ನೀಲಿ ಟೇಪನ್ನು ಅಚ್ಚುಕಟ್ಟಾಗಿ ಸುತ್ತಿದ್ದರು, ಯಾರಿಗೂ ಶಾಕ್ ಹೊಡೆಯದಂತೆ.

"ಇಲ್ಲೇನ್ ಇತ್ರೀ?"

ಉಗ್ರಪ್ಪ ವೈರಿನ ಕಡೆ ಬೆನ್ನು ತಿರುಗಿಸಿದರು. ಮಹೇಶನೇ ಹೇಳಿದ: "ಇನ್ವರ್ಟರ್ ಸಾರ್. ಬ್ಯಾಟರಿ ಸಮೇತ."

"ಅದು ಹಳೇದು," ಎಂದರು ಉಗ್ರಪ್ಪ ಅವಸರದಲ್ಲಿ. "ಅದನ್ನ ಬರೀಬೇಡಿ ಸಾರ್."

ಬರೀಬೇಡಿ ಎಂದದ್ದನ್ನು ಮೊದಲು ಬರೆಯುವುದು ಫಕೀರೇಶರ ರೂಢಿ. ಅಂಥ ಕಾರನ್ನೇ ಹೊಡೆದವನು ಹಳೇ ಇನ್ವರ್ಟರ್ ಯಾಕೆ ಹೊತ್ತ? ಆ ಕಾರಿನಲ್ಲಿ ಒಂದು ಸೂಟ್‌ಕೇಸಿಗೂ ಜಾಗವಿಲ್ಲ, ಆಳು ಭಾರದ ಬ್ಯಾಟರಿ ಎಲ್ಲಿ ಕೂರುತ್ತದೆ? ಬೇರೆ ಗಾಡಿ ಬಂದಿರಬೇಕು. ಇಷ್ಟನ್ನು ಬರೆದು, ಇನ್ನೇನು ಕಾಣೆಯಾಗಿದೆ ಎಂದು ಕೇಳಿದರು.

"ಎರಡು ಹಲಗೆ," ಎಂದ ಮಹೇಶ. ಕಾರಿನ ಹೊಟ್ಟೆ ನೆಲಕ್ಕೆ ನಾಲ್ಕು ಬೆರಳು. ರೋಡ್ ಹಂಪ್ ಬಂದಲ್ಲೆಲ್ಲ ಹಲಗೆ ಹಾಸಿ ದಾಟಿಸಬೇಕಿತ್ತು.

"ಕಡೇ ಸಲ ನೋಡಿದ್ದು ಯಾವಾಗ?"

"ಶನಿವಾರ ಸಂಜೆ ಸಾರ್. ಬೀಗ ಹಾಕ್ಕೊಂಡು ಹೋದೆ."

"ಭಾನುವಾರ?"

"ಮನೇಲಿದ್ದೆ."

ಉತ್ತರಗಳಲ್ಲಿ ಹೆದರಿಕೆ ಇರಲಿಲ್ಲ. ಅದು ಫಕೀರೇಶರಿಗೆ ಸರಿಬರಲಿಲ್ಲ. ಪಂಚನಾಮೆ 12.40ಕ್ಕೆ ಮುಗಿಯಿತು.

ಮೊದಲು ಅವರ ಸಂಶಯ ಹೋದದ್ದು ಉಗ್ರಪ್ಪನ ಮೇಲೆಯೇ. ಸಾಕಲಾಗದ ಗಾಡಿಯನ್ನು ತಾವೇ ಮಾಯ ಮಾಡಿ ವಿಮೆ ಕೇಳುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಮಧ್ಯಾಹ್ನ ವಿಮೆ ಕಚೇರಿಗೆ ಫೋನು ಹೋಯಿತು. ಪಾಲಿಸಿ ಫೆಬ್ರುವರಿಯಲ್ಲೇ ಮುಗಿದಿತ್ತು, ನವೀಕರಿಸಿರಲಿಲ್ಲ. ಕಾರು ಹೋದರೆ ಉಗ್ರಪ್ಪನಿಗೆ ಬಿಡಿಗಾಸೂ ಬರುವುದಿಲ್ಲ. ಆ ದಾರಿ ಅಲ್ಲಿಗೆ ಮುಚ್ಚಿತು.

ಮರುದಿನ, ಮಂಗಳವಾರ, ಕೆಂಗೇರಿ ದಾರಿಯ ಚುನಾವಣಾ ಚೆಕ್‌ಪೋಸ್ಟಿನ ಇಬ್ಬರು ಕಾನ್ಸ್‌ಟೇಬಲ್‌ಗಳು ಠಾಣೆಗೆ ಬಂದು ನೆಲ ನೋಡುತ್ತ ನಿಂತರು. ಭಾನುವಾರ ಬೆಳಿಗ್ಗೆ 5.50ಕ್ಕೆ ಕೆಂಪು ಕಾರು ಕೆಂಗೇರಿ ಕಡೆಗೆ ಹೋಗಿತ್ತು. ಹಣ, ಹೆಂಡ ಇದೆಯೇ ಎಂದು ತಪಾಸಣೆ ಮಾಡಿದ್ದರು, ಇರಲಿಲ್ಲ. ಅಲ್ಲಿನ ಹಂಪ್ ದಾಟಿಸಲು ಕಾರಿನ ಹಿಂದೆ ಕಟ್ಟಿದ್ದ ಹಲಗೆ ಬಿಚ್ಚಿ ಹಾಸಿದ್ದೂ ಇವರೇ.

"ಕಳ್ಳನಿಗೆ ಹಲಗೆ ಹಿಡಿದ್ರಿ," ಎಂದರು ಬೆಟ್ಟಯ್ಯ. "ತಳ್ಳಿಕೊಡೋದೊಂದು ಬಾಕಿ."

"ಓಡಿಸ್ತಿದ್ದವ ಹೆಂಗಿದ್ದ?" ಫಕೀರೇಶ ಕೇಳಿದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾರಿನ ಕನ್ನಡಿ ಹೇಗಿತ್ತು, ಬಾಗಿಲು ಹೇಗೆ ಮೇಲಕ್ಕೆ ಏಳುತ್ತಿತ್ತು, ಸೈಲೆನ್ಸರ್ ಎಷ್ಟಿತ್ತು, ಎಲ್ಲ ಅವರಿಗೆ ನೆನಪಿತ್ತು. ಒಳಗಿದ್ದವನ ಮುಖ ಮಾತ್ರ ನೋಡಿರಲಿಲ್ಲ. ಅಂಥ ಕಾರಿನ ಮುಂದೆ ಯಾರೂ ಡ್ರೈವರನ್ನು ನೋಡುವುದಿಲ್ಲ. ಫೋನಿನಲ್ಲಿ ತೆಗೆದ ಫೋಟೊದಲ್ಲಿ ಇದ್ದವರೂ ಇವರೇ, ಬಾನೆಟ್ಟಿಗೆ ಒರಗಿಕೊಂಡು.

"ಒಬ್ಬನೇ ಇದ್ನಾ?"

"ಒಬ್ಬರೇ ಸಾರ್," ಎಂದ ಚಿಕ್ಕವನು. ಸ್ವಲ್ಪ ತಡೆದು ಸೇರಿಸಿದ: "ಪಕ್ಕದ ಸೀಟು ಖಾಲಿ ಇತ್ತು. ಆದ್ರೆ ಬೆಲ್ಟು ಹಾಕಿತ್ತು ಸಾರ್."

ಫಕೀರೇಶ ಇದನ್ನೂ ಬರೆದುಕೊಂಡರು.

ಸಂಜೆ 6.20ಕ್ಕೆ ಕಾರಿನ ಮೂಲ ದಾಖಲೆ ಪಡೆಯಲು ಅವರೂ ಬೆಟ್ಟಯ್ಯನೂ ಬಸವೇಶ್ವರನಗರದ ಉಗ್ರಪ್ಪನ ಮನೆಗೆ ಹೋದರು. ಗೇಟಿನ ಬಳಿ ಪಕ್ಕದ ಮನೆಯ ವಿಮಲಮ್ಮ ತಡೆದರು. ಅರವತ್ತು ದಾಟಿದ ಹೆಂಗಸು.

"ಕಾರಿನ ವಿಷಯಾನಾ ಸಾರ್? ಕಾರು ಹಾಳಾಗಿ ಹೋಗ್ಲಿ. ಈ ಮನೆಗೆ ಯಾರನ್ನಾದ್ರೂ ಕರೆಸಿ ಶಾಂತಿ ಮಾಡಿಸೋಕೆ ಹೇಳಿ."

"ಯಾಕ್ರೀ ಅಮ್ಮಾ?"

"ಇವರ ಹೆಂಡ್ತಿ ಇಂದ್ರಮ್ಮನಿಗೆ ಉಸಿರಿನ ತೊಂದರೆ. ಆಕ್ಸಿಜನ್ ಮೆಷಿನ್ ಹಾಕ್ಕೊಂಡೇ ಇರ್ತಿದ್ರು. ಹೋಗಿ ತಿಂಗಳ ಮೇಲಾಯ್ತು. ಶನಿವಾರದಿಂದ ಆ ಮೆಷಿನ್ ಮತ್ತೆ ಓಡ್ತಾ ಇದೆ. ಕರೆಂಟ್ ಹೋದ್ರೂ ಓಡತ್ತೆ ಸಾರ್. ನನ್ನ ರೂಮಿಗೂ ಆ ರೂಮಿಗೂ ಒಂದೇ ಗೋಡೆ ಅಡ್ಡ. ನಿದ್ದೆ ಇಲ್ಲ ನಂಗೆ."

ಒಳಗೆ ಉಗ್ರಪ್ಪ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲಿಡುತ್ತಿದ್ದರು. ಟಿವಿಯ ಸದ್ದನ್ನು ತೀರ ಜೋರಾಗಿಟ್ಟಿದ್ದರು. 6.45ಕ್ಕೆ ಕರೆಂಟ್ ಹೋಯಿತು. ಟಿವಿ ನಿಂತಿತು, ಫ್ಯಾನು ನಿಂತಿತು, ಬೀದಿಗೆ ಬೀದಿಯೇ ಗಪ್ಪೆಂದಿತು. ಆಗ ಹಜಾರದ ಕೊನೆಯ ಬೀಗ ಹಾಕಿದ ಕೋಣೆಯಿಂದ ಆ ಸದ್ದು ಕೇಳಿತು. ಒಂದು ಉಸಿರು ಎಳೆದಂತೆ, ತಡೆದು, ಬಿಟ್ಟಂತೆ. ಮತ್ತೆ ಎಳೆದಂತೆ.

ಬೆಟ್ಟಯ್ಯನವರ ಕೈ ತಾನಾಗಿ ಕೊರಳ ತಾಯಿತಕ್ಕೆ ಹೋಯಿತು. ಫಕೀರೇಶರೂ ಹೆದರಿದರು. ಸುಳ್ಳೇಕೆ, ಕಾಲು ಕಿತ್ತು ಹೊರಗೆ ಹೋಗಬೇಕೆನ್ನಿಸಿತು.

"ನಿಮಗೂ ಕೇಳ್ತಾ ಇದೆಯಾ ಸಾರ್?" ಎಂದರು ಉಗ್ರಪ್ಪ. ಕತ್ತಲಲ್ಲಿ ಅವರು ಅಳುತ್ತಿದ್ದುದು ದನಿಯಿಂದ ತಿಳಿಯಿತು. "ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ಕೀ ಕೊಡ್ರೀ."

ಟಾರ್ಚಿನ ಬೆಳಕಿನಲ್ಲಿ ಕೋಣೆ ಅಚ್ಚುಕಟ್ಟಾಗಿತ್ತು. ಮಡಿಸಿದ ಹೊದಿಕೆ, ಮಂಚದ ಪಕ್ಕ ಆಕ್ಸಿಜನ್ ಮೆಷಿನ್, ಅದರ ಹಸಿರು ದೀಪ. ಕೊಳವೆಯ ತುದಿ ದಿಂಬಿನ ಮೇಲಿತ್ತು. ಮಂಚದ ಕೆಳಗೆ ಇನ್ವರ್ಟರ್ ಗುಂಯ್ಗುಡುತ್ತಿತ್ತು. ವೈರಿನ ಜೋಡಣೆಗೆ ಸುತ್ತಿದ್ದುದು ನೀಲಿ ಟೇಪು, ಅದೇ ಅಚ್ಚುಕಟ್ಟಿನಲ್ಲಿ.

"ಹಿತ್ತಲ ಬಾಗಿಲ ಕೀ, ಈ ಕೋಣೆ ಕೀ ಬೇರೆ ಯಾರ ಹತ್ರ ಐತಿ?"

ಉಗ್ರಪ್ಪ ನೆಲದ ಮೇಲೆ ಕೂತುಬಿಟ್ಟಿದ್ದರು. "ಮೆಷಿನ್ ನೋಡ್ಕೊಳ್ಳೋಕೆ ಅಂತ ಇಂದ್ರಮ್ಮನೇ ಮಹೇಶನಿಗೆ ಕೊಟ್ಟಿದ್ಲು."

ಆಮೇಲೆ ಕೇಳದೆಯೇ ಹೇಳಿದರು. ಮಾರ್ಚ್ 14, ಶನಿವಾರ. ಕರೆಂಟ್ ಹೋದಾಗ ಕಾರಿನ ಚಾರ್ಜರ್ ಓಡಿಸುವ ಶೆಡ್ಡಿನ ಯುಪಿಎಸ್ ಸುಟ್ಟಿತ್ತು. ಹೊಸದು ಬರುವುದು ಸೋಮವಾರ. ಎರಡೇ ದಿನದ ಮಟ್ಟಿಗೆ ಅಂತ ಮನೆಯ ಇನ್ವರ್ಟರನ್ನು ಶೆಡ್ಡಿಗೆ ತರಿಸಿದ್ದರು. ಆ ದಿನ ಸಂಜೆ 4.10ಕ್ಕೆ ಕರೆಂಟ್ ಹೋಗಿ 6ಕ್ಕೆ ಬಂತು. ತುರ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರ್ ಖಾಲಿಯಾಗಿತ್ತು. ಡಾಕ್ಟರ್ ಸಾವಿಗೆ ಕಾರಣ ಹೃದಯಾಘಾತವೆಂದು ಬರೆದುಕೊಟ್ಟರು. ಇನ್ವರ್ಟರ್ ಮತ್ತೆ ಮನೆಗೆ ಬರದೆ ಶೆಡ್ಡಿನಲ್ಲೇ ಉಳಿಯಿತು.

"ಭಾನುವಾರ ಸಂಜೆ ಕರೆಂಟ್ ಹೋದಾಗ ಈ ಬಾಗಿಲ ಹತ್ರಾನೇ ಗಡಿಯಾರ ಹಿಡ್ಕೊಂಡು ಕೂತಿದ್ದೆ ಸಾರ್," ಎಂದರು. "ಎರಡು ಗಂಟೆ ಐವತ್ತು ನಿಮಿಷ. ಮೆಷಿನ್ ನಿಲ್ಲಲಿಲ್ಲ."

ಅವರು ಏನು ಲೆಕ್ಕ ಹಾಕುತ್ತಿದ್ದಾರೆಂದು ಫಕೀರೇಶರಿಗೆ ತಿಳಿಯಿತು. ಅವತ್ತು ಒಂದು ಗಂಟೆ ಐವತ್ತು ನಿಮಿಷ ತಡೆದಿದ್ದರೆ ಸಾಕಾಗಿತ್ತು.

ಜಪ್ತಿ ಮಾಡುವುದಕ್ಕೆ ಮೆಷಿನನ್ನು ಆರಿಸಬೇಕಿತ್ತು. ಉಗ್ರಪ್ಪ ಮುಖ ತಿರುಗಿಸಿಕೊಂಡರು. ಸ್ವಿಚ್ಚು ಒತ್ತಿದ್ದು ಬೆಟ್ಟಯ್ಯ, ಕಣ್ಣು ಮುಚ್ಚಿಕೊಂಡು.

ಬುಧವಾರ ಬೆಳಿಗ್ಗೆ 7.45ಕ್ಕೆ ಹೊಸಹಳ್ಳಿಯ ಮನೆಯಲ್ಲಿ ಮಹೇಶನನ್ನು ದಸ್ತಗಿರಿ ಮಾಡಲಾಯಿತು. ಅವನು ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ಬಾಗಿಲಲ್ಲೇ ಕೂತಿದ್ದ.

"ಕಾರು ಎಲ್ಲಿ?"

"ಕೆಂಗೇರಿ ಆಚೆ ಕಲ್ಲುಕ್ವಾರಿ ಇದೆಯಲ್ಲ ಸಾರ್, ನೀರು ತುಂಬಿದ್ದು. ಅದ್ರಲ್ಲಿ."

"ಮಾರೋಕೆ ನೋಡಲಿಲ್ಲ?"

"ಯಾಕೆ ಸಾರ್?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಿಂಬೆಹಣ್ಣು?"

"ಗಾಡಿ ಆಚೆ ತೆಗೆಯುವಾಗೆಲ್ಲ ಸಾಹೇಬ್ರ ಮನೆ ಅಮ್ಮ ಇಡಿಸ್ತಿದ್ರು. ಇಡದೆ ತೆಗೆಯೋಕೆ ಕೈ ಬರಲಿಲ್ಲ."

"ಪಕ್ಕದ ಸೀಟಿಗೆ ಬೆಲ್ಟ್ ಯಾಕೆ ಹಾಕಿದ್ದಿ?"

"ನನ್ನೂ ಒಂದು ರೌಂಡು ಕರ್ಕೊಂಡು ಹೋಗೋ ಅಂತಿದ್ರು ಅಮ್ಮ. ಸೀಟು ತುಂಬ ಕೆಳಗಿದೆ, ಕೂರೋಕಾಗಲ್ಲಮ್ಮ ಅಂತಿದ್ದೆ. ಮೂರು ವರ್ಷ ಹಾಗೇ ಅಂದೆ." ಬಾಯಿ ಒರೆಸಿಕೊಂಡ. "ಅವತ್ತು ಮನೆಯಿಂದ ಇನ್ವರ್ಟರ್ ಹೊತ್ತಿದ್ದು ನಾನೇ ಸಾರ್. ತಗೊಂಡು ಹೋಗೋ, ಇಲ್ದಿದ್ರೆ ನಿಮ್ಮ ಸಾಹೇಬ್ರಿಗೆ ನಿದ್ದೆ ಬರಲ್ಲ ಅಂತ ಅಮ್ಮನೇ ಕಾಫಿ ಕೊಟ್ಟು ಕಳಿಸಿದ್ರು. ಅಮ್ಮನ್ನ ಸುಟ್ಟು ಬಂದ ಮಾರನೇ ದಿನ ಸಾಹೇಬ್ರು ಫೋನ್ ಮಾಡಿದ್ರು. ಕಾರಿನ ಬ್ಯಾಟರಿ ಸರಿ ಇದೆಯಾ ಅಂದ್ರು. ಅಷ್ಟೇ ಕೇಳಿದ್ದು. ದಿನಾ ಹತ್ತು ಗಂಟೆಗೆ ನಾನು ಅದನ್ನ ಸ್ಟಾರ್ಟ್ ಮಾಡ್ಬೇಕು, ಆ ಇನ್ವರ್ಟರ್ ಪಕ್ಕದಲ್ಲೇ ಗುಂಯ್ ಅನ್ನೋದು. ಶನಿವಾರ ಸಾಹೇಬ್ರು ದೇವಸ್ಥಾನಕ್ಕೆ ಹೋದಾಗ ಇನ್ವರ್ಟರನ್ನ ಗೂಡ್ಸ್ ಆಟೋದಲ್ಲಿ ಮನೆಗೆ ತಂದು ಅದರ ಜಾಗದಲ್ಲಿಟ್ಟು ಮೆಷಿನ್ ಹಾಕ್ದೆ. ಮಾರನೇ ದಿನ ಕಾರನ್ನ ಬಿಟ್ಟು ಬಂದೆ."

ಪ್ರಕರಣಕ್ಕೆ ಕೆಲಸದವನೇ ಮಾಡಿದ ಕಳವಿಗೆ 381, ಸ್ವತ್ತು ಹಾಳು ಮಾಡಿದ್ದಕ್ಕೆ 427 ಸೇರಿದವು. 11.20ಕ್ಕೆ ನ್ಯಾಯಾಲಯಕ್ಕೆ ಹೊರಡಿಸುವ ಹೊತ್ತಿಗೆ ಉಗ್ರಪ್ಪ ಠಾಣೆಯ ಬೆಂಚಿನ ಮೇಲೆ ಬಂದು ಕೂತಿದ್ದರು. ಆಳೂ ಒಡೆಯನೂ ಒಬ್ಬರನ್ನೊಬ್ಬರು ನೋಡಲಿಲ್ಲ. ಬಾಗಿಲ ಬಳಿ ಮಹೇಶ ನಿಂತ.

"ಸಾರ್, ಒಂದು ಕೇಳ್ಲಾ? ಭಾನುವಾರ ಸಂಜೆ ಆ ಕಡೆ ಕರೆಂಟ್ ಹೋಗಿತ್ತು ಅಂದ್ರು. ಇನ್ವರ್ಟರ್ ಎಷ್ಟು ಹೊತ್ತು ತಡೀತು?"

ಫಕೀರೇಶ ಈ ಮೂರು ದಿನದಲ್ಲಿ ಒಂದು ನಿಮಿಷವನ್ನೂ ತಪ್ಪಾಗಿ ಬರೆದಿರಲಿಲ್ಲ. ಅವರು ಮೇಜಿನ ಮೇಲಿನ ಕಾಗದ ನೋಡಿಕೊಂಡೇ ಹೇಳಿದರು: "ಒಂದು ತಾಸು. ಬ್ಯಾಟರಿ ಹಳೇದು. ಒಂದು ತಾಸಿಗೆ ಆರಿಹೋತು."

ಮಹೇಶ ನಂಬಲಿಲ್ಲ. ತಿರುಗಿ ಉಗ್ರಪ್ಪನ ಮುಖ ನೋಡಿದ.

"ಹೌದು ಕಣೋ," ಎಂದರು ಉಗ್ರಪ್ಪ. "ನಾನೇ ನೋಡಿದೀನಿ. ಒಂದೇ ಗಂಟೆ. ಅವತ್ತು ನೀನು ಅದನ್ನ ಅಲ್ಲೇ ಬಿಟ್ಟಿದ್ರೂ ಆಗ್ತಿರಲಿಲ್ಲ."

ಮಹೇಶನ ಹೆಗಲು ಸಡಿಲಾಯಿತು. ತಲೆಯಾಡಿಸಿ, ಬೆಟ್ಟಯ್ಯನ ಹಿಂದೆ ಜೀಪು ಹತ್ತಿದ. ಜೀಪು ಮೈಸೂರು ರಸ್ತೆಗೆ ತಿರುಗುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದರು.

"ಅವನಿಗೆ ಹೇಳೋಕೆ ನಾವಿಬ್ರು ಇದ್ವಿ," ಎಂದರು ಉಗ್ರಪ್ಪ. "ನನಗೆ ಯಾರು ಹೇಳ್ತಾರೆ ಸಾರ್?"

ಫಕೀರೇಶ ಒಳಗೆ ಹೋಗಿ ಕೇಸ್ ಡೈರಿ ತೆರೆದು, ಲಾಭದ ಉದ್ದೇಶ ಕಂಡುಬಂದಿಲ್ಲ ಎಂದು ಬರೆದರು. ಇನ್ವರ್ಟರಿನ ಮುಂದೆ ಚಾಲ್ತಿ ಸ್ಥಿತಿಯಲ್ಲಿದೆ ಎಂದಷ್ಟೇ ಬರೆದು, ಎಷ್ಟು ಹೊತ್ತು ಎಂಬುದನ್ನು ಬಿಟ್ಟರು.