ಹನ್ನೆರಡನೆಯ ಪಾದ

ಚರ್ಚಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ತನ್ನದೇ ಎಂದು ಕಂಡ ಕೂಡಲೇ ಜಪಮಾಲಳಿಗೆ ಮೈಯೆಲ್ಲ ಉರಿದುಹೋಯಿತು. ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆದು, ಒರೆಸಿ, ಮುತ್ತಿಡುತ್ತಾರೆ. ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಮಾಡಿದ್ದರ ನೆನಪಿಗೆ. ಊರಿನ ಕ್ರೈಸ್ತರೆಲ್ಲ ಕತ್ತು ಚಾಚಿ ನೋಡುತ್ತಾರೆ. ಆ ಹನ್ನೆರಡರಲ್ಲಿ ತನ್ನ ಈ ಕಾಲು!

ಅಕ್ಷರ ಯಾರದೆಂದು ಅವಳಿಗೆ ಗೊತ್ತು. ಉಪದೇಶಿ ಇನ್ನಾಸಪ್ಪನದು. ಭಾನುವಾರ ಚರ್ಚಿನಲ್ಲಿ ಜಪ ಹೇಳಿಕೊಡುವವನು, ಉಳಿದ ದಿನ ಪಾಂಡವಪುರದ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಪುಟ್ಟಗೌರಮ್ಮನ ಕೊಟ್ಟಿಗೆಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ಕುಂಟುತ್ತಲೇ ಅಲ್ಲಿಗೆ ನಡೆದಳು.

ಇನ್ನಾಸಪ್ಪನ ಕೈ ಭುಜದವರೆಗೂ ಹಸುವಿನೊಳಗಿತ್ತು.

“ನನ್ನ ಹೆಸರು ಯಾಕೆ ಬರೆದ್ರಿ?”

“ಒಂದ್ನಿಮಿಷ ತಡೀರಿ ಮಾಲಾ. ಕೈ ಎಲ್ಲೈತೆ ಅಂತ ಕಾಣಾಕಿಲ್ವಾ?”

“ಮೆಲ್ಲುಕ್ ಮಾತಾಡವ್ವ, ನಮ್ಮ ಹಸ ಬೆದರ್ಕತದೆ” ಎಂದಳು ಪುಟ್ಟಗೌರಮ್ಮ.

ಗಂಜಲದ ವಾಸನೆ, ನೊಣ, ಅವನ ಉದ್ದನೆಯ ಗ್ಲೌಸಿನಿಂದ ತೊಟ್ಟಿಕ್ಕುತ್ತಿದ್ದ ಸಗಣಿ. ಜಪಮಾಲ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಥೂ, ನಿಮ್ಗೆ ಅಸಹ್ಯ ಆಗಲ್ವಾ?”

“ಮೊದ್ಲು ಹದ್ನೈದು ದಿನ ಊಟನೇ ಸೇರ್ತಿರ್ಲಿಲ್ಲ” ಅಂದ ಅವನು, ಕಣ್ಣು ಅರ್ಧ ಮುಚ್ಚಿ ಒಳಗೆ ಏನನ್ನೋ ತಡಕುತ್ತ. ಆಮೇಲೆ ಮುಖ ಅರಳಿತು. “ನಿಂತೈತೆ ಕನವ್ವ, ಮೂರು ತಿಂಗ್ಳು! ನೋಡಿ ಮಾಲಾ, ಒಳಗೆ ಕರು ಐತೆ ಅಂತ ಕೈಗೆ ಗೊತ್ತಾದ್ಮೇಲೆ ಅಸಹ್ಯ ಎಲ್ಲಿಗೋಯ್ತದೋ ಗೊತ್ತಾಗಾಕಿಲ್ಲ.”

ಅವಳಿಗೆ ಈ ಮಾತೂ ಹಿಡಿಸಲಿಲ್ಲ. ಎರಡು ವರ್ಷದಿಂದ ಅವಳಿಗೆ ಏನೂ ಹಿಡಿಸುತ್ತಿರಲಿಲ್ಲ.

ಎರಡು ವರ್ಷದ ಕೆಳಗೆ ಅಪ್ಪನ ಆಲೆಮನೆಯಲ್ಲಿ ಬೆಲ್ಲ ಬೇಯುವಾಗ ಕೊಪ್ಪರಿಗೆ ವಾಲಿ, ಕುದಿಯುವ ಪಾಕ ಅವಳ ಬಲಗಾಲಿನ ಮೇಲೆ ಸುರಿದಿತ್ತು. ಬಿಸಿನೀರಾದರೆ ಹರಿದುಹೋಗುತ್ತದೆ, ಪಾಕ ಅಂಟಿಕೊಂಡು ಸುಡುತ್ತದೆ. ಮೈಸೂರಿನಲ್ಲಿ ತೊಡೆಯ ಚರ್ಮ ತೆಗೆದು ಪಾದಕ್ಕೆ ಹಾಕಿದರು. ನಿಶ್ಚಯವಾಗಿದ್ದ ಗಂಡಿನ ತಾಯಿ ನಾಗಮಂಗಲದಿಂದ ನೋಡಲು ಬಂದಳು. ಸೀರೆಯ ಅಂಚು ಎತ್ತಿ ನೋಡಿ, ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗರಾಯ ನೆಲ ನೋಡುತ್ತ ಕೂತಿದ್ದ. ಅಲ್ಲಿಗೆ ಮದುವೆ ಮುರಿಯಿತು.

ಆಮೇಲೆ ಶುರುವಾಯಿತು ಜಪದ ಕಾಟ. “ದೇವ್ರು ಪ್ರೀತಿಸೋರಿಗೇ ಶಿಲುಬೆ ಕೊಡೋದು” ಎಂದು ಜಪ ಮಾಡಲು ಮನೆಗೆ ಬಂದ ಹೆಂಗಸರೆಲ್ಲ ತಲೆ ಸವರಿದರು, ಸವರಿದ ಕೈಯಲ್ಲೇ ಮೂಗು ಮುಚ್ಚಿಕೊಂಡರು. ಗಾಯದ ಕೀವಿಗಿಂತ ಆ ಮಾತೇ ಅವಳಿಗೆ ಹೆಚ್ಚು ವಾಕರಿಕೆ ತರಿಸಿತ್ತು. ಅಂದಿನಿಂದ ಕಾಲಿಗೆ ಸದಾ ಸಾಕ್ಸು. ಪಾಂಡವಪುರದ ಬಸ್‌ಸ್ಟ್ಯಾಂಡ್ ಪಕ್ಕ ಬ್ಲೌಸು ಹೊಲಿಯುವ ಅಂಗಡಿ. ಚರ್ಚಿನಲ್ಲಿ ಕೊನೆಯ ಬೆಂಚು. ಸ್ನಾನ ಮಾಡುವಾಗಲೂ ಅವಳು ಆ ಪಾದವನ್ನು ಕಣ್ಣಿಟ್ಟು ನೋಡುತ್ತಿರಲಿಲ್ಲ.

“ಕನಿಕರಕ್ಕೆ ಬರೆದ್ರಾ?” ಎಂದಳು.

ಅವನು ಗ್ಲೌಸು ಕಳಚಿ, ತೊಟ್ಟಿಯ ಹತ್ತಿರ ಕೂತು ಸೋಪು ಉಜ್ಜತೊಡಗಿದ. “ಕನಿಕರ ಇದ್ದಿದ್ರೆ ಬರೀತಿರ್ಲಿಲ್ಲ. ಎರಡು ವರ್ಷದಿಂದ ಪೂಜೆ ಮುಗಿಯಕ್ಕೆ ಮುಂಚೆನೇ ಎದ್ದೋಯ್ತೀರಿ. ನಾನು ನಿಮ್ಮನ್ನ ಮಾತಾಡ್ಸೋದು ಯಾವಾಗ? ಹೆಸರು ಬರೆದ್ರೆ ಬಯ್ಯಕ್ಕಾದ್ರೂ ಬತ್ತೀರಿ ಅಂತ ಬರೆದೆ. ಬಂದ್ರಲ್ಲ.”

ಹೇಳಿ ಕತ್ತೆತ್ತಿ ನೋಡಿದ. ತುಂಟ ನೋಟವೇ, ಆದರೆ ಸೋಪು ಹಿಡಿದ ಕೈ ನಿಂತುಹೋಗಿತ್ತು. ಜಪಮಾಲಳ ಕೆನ್ನೆ ಬಿಸಿಯಾಯಿತು. ಸಗಣಿ ವಾಸನೆಯ ಮಧ್ಯೆ ನಾಚಿಕೊಂಡೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

“ಬ್ಯಾಡ ಅಂದ್ರೆ ಹೆಸರು ಹೊಡೆದಾಕ್ತೀನಿ” ಅಂದ ಮೆಲ್ಲಗೆ.

“ಇರ್ಲಿ ಬುಡಿ. ಬತ್ತೀನಿ. ನೋಡ್ಲಿ ಎಲ್ರೂ. ನೋಡಿ ವಾಂತಿ ಮಾಡ್ಕಳ್ಲಿ.”

ಆ ಚರ್ಚಿನಲ್ಲಿ ಒಂದು ರೂಢಿ ಇತ್ತು. ಪಾದ ತೊಳೆಸಿಕೊಳ್ಳುವವರು ಮನೆಯಲ್ಲೇ ಕಲ್ಲಿನಿಂದ ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಪೌಡರು ಹಾಕಿಕೊಂಡೇ ಬರಬೇಕು. ಫಾದರ್ ಕೈಗೆ ಕೊಳೆ ತಾಗಬಾರದಲ್ಲ! ಗುರುವಾರ ಹನ್ನೊಂದು ಪಾದಗಳು ಹಾಗೆಯೇ ಘಮಘಮ ಎನ್ನುತ್ತ ಸಾಲಾಗಿ ಕೂತವು.

ಜಪಮಾಲ ಬೇಕೆಂದೇ ಬರಿಗಾಲಲ್ಲಿ, ನಾಲೆಯ ಏರಿ ಇಳಿದು, ನೀರು ಬಿಟ್ಟ ಗದ್ದೆ ಹಾಯ್ದು ಬಂದಳು. ಸುಕ್ಕುಗಟ್ಟಿದ ಆ ಚರ್ಮದ ಮೇಲೆ ಕಣಕಾಲಿನವರೆಗೂ ಕಪ್ಪು ಕೆಸರು. ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚಿದಳು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಅಸಹ್ಯಪಡಿ, ಎಲ್ಲರೂ ಒಂದೇ ಸಲ ಅಸಹ್ಯಪಟ್ಟು ಮುಗಿಸಿಬಿಡಿ, ಆಮೇಲೆ ನಾನು ಈ ಬಾಗಿಲು ತುಳಿಯುವುದಿಲ್ಲ ಎಂದು ಹಲ್ಲು ಕಚ್ಚಿದಳು.

ಮುದಿ ಫಾದರ್ ಮಂಡಿಯೂರಿದರು. ಚೆಂಬು ಹಿಡಿದು ನಿಂತಿದ್ದವನು ಇನ್ನಾಸಪ್ಪ. ಅವನು ಸುರಿದ ನೀರಿಗೆ ಬೋಗುಣಿಯೆಲ್ಲ ಬಗ್ಗಡವಾಯಿತು.

“ಇನ್ನೊಂದು ಚೆಂಬು” ಎಂದರು ಫಾದರ್. ಮತ್ತೊಂದು. ಬೆರಳಸಂದಿಯ ಕೆಸರನ್ನು ಹೆಬ್ಬೆರಳಿನಿಂದ ನಿಧಾನವಾಗಿ ತೆಗೆಯುತ್ತ, ಅವಳಿಗಷ್ಟೇ ಕೇಳುವಂತೆ ಹೇಳಿದರು: “ಮೂವತ್ತು ವರ್ಷದಿಂದ ತೊಳೆದ ಕಾಲನ್ನೇ ತೊಳೀತಾ ಬಂದೆ ಮಗಳೇ. ಇವತ್ತು ನಂಗೆ ಕೆಲಸ ಸಿಕ್ತು.”

ಆಮೇಲೆ ಬಾಗಿ ಮುತ್ತಿಟ್ಟರು. ಆ ಚರ್ಮಕ್ಕೆ ಸ್ಪರ್ಶ ತಿಳಿಯದು. ಜಪಮಾಲಳಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಲೆಂದು ಕಣ್ಣಿಟ್ಟು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ತನ್ನ ಪಾದವನ್ನು ತಾನೇ ನೋಡಿದಳು. ಸುಕ್ಕು, ಕಲೆ, ಬಣ್ಣಗೆಟ್ಟ ಚರ್ಮ, ಅಷ್ಟೇ. ಅದೊಂದು ಕಾಲು. ತನ್ನನ್ನು ಇಲ್ಲಿಯವರೆಗೆ ಹೊತ್ತು ತಂದ ಕಾಲು. ಸ್ವಾಮೀ, ಇಷ್ಟು ದಿನ ನೀನೂ ಮೂಗು ಮುಚ್ಚಿಕೊಂಡಿದ್ದೀಯ ಅಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅವಳನ್ನೇ ನೋಡುತ್ತಿದ್ದ ಇನ್ನಾಸಪ್ಪನ ಚೆಂಬು ವಾಲಿ, ಉಳಿದ ನೀರೆಲ್ಲ ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

ಪೂಜೆ ಮುಗಿಯುವವರೆಗೂ ಅವಳು ಏಳಲಿಲ್ಲ.

ಹೊರಗೆ ಹೊಂಗೆಮರದ ಕೆಳಗೆ ಅವನು ಕಾಯುತ್ತಿದ್ದ. “ಅವ್ವನ್ನ ಕರ್ಕೊಂಡು ನಿಮ್ಮನೇಗೆ ಬರ್ಲಾ?” ಅಂದ. ಈ ಸಲ ತುಂಟತನ ಇರಲಿಲ್ಲ.

ಅರ್ಧ ಕುಡಿದಿಟ್ಟ ಆ ಕಾಫಿ ಲೋಟ ಅವಳ ಕಣ್ಣಮುಂದೆ ಬಂತು. “ನಿಮ್ಮವ್ವ ನೋಡುದ್ರಾ?”

“ಮೂರ್ನೇ ಬೆಂಚಲ್ಲೇ ಕೂತಿದ್ರು.”

“ಏನಂದ್ರು?”

“ಬಯ್ದ್ರು. ‘ಚರ್ಚಿಗೆ ಅಷ್ಟೊಂದು ಕೆಸ್ರು ಮೆತ್ಕಂಡು ಬಂದವ್ಳಲ್ಲ, ನಮ್ಮನೇಗೆ ಬಂದ್ರೆ ದಿನಾ ನೆಲ ಒರ್ಸೋರು ಯಾರ್ಲಾ’ ಅಂದ್ರು.”

ಜಪಮಾಲ ನಕ್ಕುಬಿಟ್ಟಳು. ಕಣ್ಣೀರು ಇನ್ನೂ ಆರಿರಲಿಲ್ಲ, ಮೂಗು ಸೋರುತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನಕ್ಕಳು. ಅವನು ಆ ಅವತಾರವನ್ನೇ ಹಬ್ಬದ ಹಾಗೆ ನೋಡುತ್ತ ನಿಂತ.

“ನಾಳೆ ಬರ್ಲಾ ಅಂಗಾದ್ರೆ?”

“ಶುಭಶುಕ್ರವಾರ, ಸ್ವಾಮಿ ಸತ್ತ ದಿನ, ಯಾರಾದ್ರೂ ಹೆಣ್ಣು ಕೇಳ್ತಾರಾ? ಉಪದೇಶಿ ಅಂತೆ! ಭಾನುವಾರ ಈಸ್ಟರ್ ಹಬ್ಬದ ದಿನ ಬನ್ನಿ.”

“ಅಲ್ಲೀಗಂಟ ಕಾಯಬೇಕಾ?”

“ಕಾಯ್ರಿ” ಎಂದಳು ಅವಳು, ಬರಿಗಾಲಲ್ಲೇ ಮೆಟ್ಟಿಲಿಳಿಯುತ್ತ. “ಯೇಸುಸ್ವಾಮಿನೇ ಎದ್ದು ಬರಕ್ಕೆ ಮೂರ್ನೇ ದಿನದವರೆಗೂ ಕಾದವ್ರೆ.”