ಪಾಲಿಗೆ ಕೊಟ್ಟ ಮೀನು

"ಏನ್ರಿ, ನೀವು ಮಾರಿದ ಮೀನಿಗೆ ಮೀಸಿನ ಇಲ್ಲಲ್ರಿ!"

ಇಂಡಿ ಬಸ್‌ಸ್ಟ್ಯಾಂಡ್ ಹಿಂದಿನ ಅಕ್ವೇರಿಯಂ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ ಸುಭಾಸ ತಿರುಗಿ ನೋಡಿದ. ಸ್ಟೀಲ್ ಡಬ್ಬಿ ಹಿಡಿದು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಪಲ್ಲವಿ ನಿಂತಿದ್ದಳು.

"ನಾನು ಸೈನ್ಸ್ ಟೀಚರ್ ಅದೀನಿ. ನನಗ ಮೋಸ ಮಾಡಬ್ಯಾಡ್ರಿ!"

ಡಬ್ಬಿಯಲ್ಲಿ ಕೋರಿ ಎಂಬ ಪುಟ್ಟ ಕ್ಯಾಟ್‌ಫಿಶ್ ಇತ್ತು. ಕಪ್ಪು ಮೈ, ಬಿಳಿ ಚುಕ್ಕೆ, ಕೇಸರಿ ರೆಕ್ಕೆ. ಮೀಸೆ ಇರಬೇಕಾದ ಕಡೆ ಬರೀ ಮೋಟು!

"ತೊಟ್ಟಿ ತಳಕ್ಕ ಏನ್ ಹಾಕೀರಿ?"

"ಖಡಿ ಕಲ್ಲು. ಮನಿ ಕಟ್ಟಿದಾಗ ಉಳಿದಿದ್ದು."

"ಯಾವೂರು?"

"ದೇವಣಗಾಂವ."

ಅವನು ನಕ್ಕೇಬಿಟ್ಟ. "ಭೀಮಾ ನದಿ ದಂಡಿಗಿದ್ದು ಖಡಿ ಹಾಕೀರೆಲ್ರಿ ಟೀಚರ್! ಇವು ತಳ ಕೆದರಿ ತಿನ್ನೂ ಮೀನ. ಚೂಪ ಕಲ್ಲಿಗೆ ತಿಕ್ಕಿ ತಿಕ್ಕಿ ಮೀಸಿ ಸವದಾವ. ನುಣ್ಣನ ಉಸುಕು ಹಾಕ್ರಿ, ಮತ್ತ ಬರ್ತಾವ."

ಜಗಳಕ್ಕೆಂದೇ ಬಸ್ಸು ಹತ್ತಿ ಬಂದವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. 'ಛೇ... ಆದರೂ ನಕ್ಕರೆ ಚೆನ್ನಾಗಿ ಕಾಣುತ್ತಾನೆ' ಎಂದಿತು ಹಾಳು ಮನಸ್ಸು!

ಮುಂದಿನ ರವಿವಾರ ಮೀನಿಗೆ ಹಾಕುವ ಕಾಳು ಬೇಕೆಂದು ಬಂದಳು. ಅದರ ಮುಂದಿನ ರವಿವಾರ, ತನ್ನ ಆರು ಮೀನುಗಳಲ್ಲಿ ಹೆಣ್ಣು ಯಾವುದೆಂದು ತಿಳಿಯಲು ಫೋಟೊ ತಂದಳು. ಮೇಲಿನಿಂದ ನೋಡಿದರೆ ಹೆಣ್ಣು ಅಗಲ, ಗಂಡು ಸಪೂರ ಎಂದು ಅವನೇ ಹೇಳಿಕೊಟ್ಟಿದ್ದ.

"ನಿಮ್ಮವು ಆರೂ ಗಂಡ ಅದಾವ," ಎಂದ ಸುಭಾಸ. "ಸಣ್ಣವಿದ್ದಾಗ ಗೊತ್ತಾಗಂಗಿಲ್ರಿ."

ಆಮೇಲೆ ಅವನು ತನ್ನ ಸ್ವಂತ ತೊಟ್ಟಿಯಿಂದ ದೊಡ್ಡ ಹೆಣ್ಣೊಂದನ್ನು ಹಿಡಿದ. ನಾಲ್ಕು ವರ್ಷ ಸಾಕಿದ ಮೀನು. ಇಂಡಿಯ ಬೋರಿನ ಗಡಸು ನೀರಿಗೆ ಒಮ್ಮೆಯೂ ತತ್ತಿ ಇಟ್ಟಿರಲಿಲ್ಲ. ಪಲ್ಲವಿಯ ಮನೆಯಲ್ಲಿ ಮೆದುವಾದ ಮಳೆನೀರು ಕೂಡಿಡುವ ಟಾಕಿ ಇತ್ತು.

"ಪಾಲಿಗೆ ಒಯ್ರಿ, ನಮ್ಮವ್ವ ಆಡು ಕೊಟ್ಟಂಗ. ಮರಿ ಆದ್ರ ಅರ್ಧ ನಿಮಗ, ಅರ್ಧ ನನಗ. ಪಾಲಾದ ಮ್ಯಾಲೆ ತಾಯಿ ನನಗ ವಾಪಸ್." ಅವನ ದನಿ ಇಳಿಯಿತು. "ಇದರ ಮರಿ ನೋಡಬೇಕಂತ ಭಾಳ ಆಸೆ ಐತ್ರಿ ನನಗ."

ಜೂನ್‌ನಲ್ಲಿ ಮಳೆ ಹೊಡೆಯಿತು. ಅವನು ಹೇಳಿದಂತೆ ಪಲ್ಲವಿ ತೊಟ್ಟಿಯ ಅರ್ಧ ನೀರು ತೆಗೆದು ತಣ್ಣನೆಯ ಮಳೆನೀರು ತುಂಬಿದಳು. ಮರುದಿನ ಬೆಳಿಗ್ಗೆ ಗಾಜಿನ ತುಂಬ ತತ್ತಿ! ದೊಡ್ಡವು ತಿಂದುಬಿಡುತ್ತವೆಂದು ಒಂದೊಂದನ್ನೇ ಬೆರಳಿನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿದಳು. ಬೆಳ್ಳಗೆ ಕೆಟ್ಟವನ್ನು ಆರಿಸಿ ಚೆಲ್ಲಿದಳು. ನಾಲ್ಕನೇ ದಿನ ಮೂವತ್ತನಾಲ್ಕು ಮರಿಗಳು ಮಿಸುಕಾಡಿದವು.

ಕುಣಿಯುತ್ತ ಫೋನ್ ಹಿಡಿದವಳ ಬೆರಳು ನಿಂತುಬಿಟ್ಟಿತು.

'ಮರಿ ಆದವು ಅಂದರೆ ಪಾಲು. ಪಾಲಾದರೆ ವ್ಯವಹಾರ ಮುಗೀತು. ಆಮೇಲೆ ಯಾವ ನೆವದಿಂದ ಹೋಗಲಿ?'

"ಇನ್ನೂ ತತ್ತಿ ಇಟ್ಟಿಲ್ರಿ..." ಎಂದುಬಿಟ್ಟಳು, ರವಿವಾರ ಅಂಗಡಿಯಲ್ಲಿ ಸುಭಾಸ ಕೇಳಿದಾಗ.

ಒಂದು ಸುಳ್ಳು ಆರು ರವಿವಾರ ನಡೆಯಿತು. ಏಳನೆಯದಕ್ಕೆ, ಹೆಣ್ಣುಮೀನಿಗೆ ಜಡ್ಡಾಗಿದೆಯೇನೋ ಎಂದು ಹೆದರಿದ ಸುಭಾಸ ಔಷಧಿ ಹಿಡಿದು ತಾನೇ ದೇವಣಗಾಂವಕ್ಕೆ ಬಂದ. ಪಲ್ಲವಿ ಚಹಾ ತರುವಷ್ಟರಲ್ಲಿ ಅಜ್ಜಿ ಶೆಟ್ಟೆವ್ವ ಹಿಗ್ಗಿನಿಂದ ತೋರಿಸಿಯೇಬಿಟ್ಟಿದ್ದಳು.

"ನೋಡಪಾ, ಎಷ್ಟ ಮರಿ! ಒಂದೂವರಿ ತಿಂಗಳಿಂದ ಕೂಸಿನ ಗತೆ ಜ್ವಾಕಿ ಮಾಡಾಕತ್ತಾಳ."

ಸುಭಾಸ ಮರಿಗಳನ್ನು ನೋಡಿದ, ಪಲ್ಲವಿಯನ್ನು ನೋಡಿದ.

"ಕೇಳಿದ್ರ ಎಲ್ಲಾ ಕೊಡ್ತಿದ್ನಿ. ಸುಳ್ಳು ಯಾಕ್ರಿ ಟೀಚರ್?"

ಚಹಾ ಮುಟ್ಟದೆ ಹೋದ. ಫೋನ್ ಎತ್ತಲಿಲ್ಲ. ಒಂದು ರವಿವಾರ ಕಳೆಯಿತು... ಇನ್ನೊಂದೂ ಕಳೆಯಿತು. ಪಲ್ಲವಿ ಅತ್ತಳು, ತನಗೆ ತಾನೇ ಬೈದುಕೊಂಡಳು, ಕೊನೆಗೆ ಮುಚ್ಚಳದ ಬಕೀಟು ಹಿಡಿದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಮೂವತ್ತನಾಲ್ಕೂ ನಿಮಗ. ತಾಯಿನೂ ತಂದೇನಿ," ಎಂದಳು ತಲೆ ಎತ್ತದೆ.

"ಪಾಲು ಅರ್ಧ ಇತ್ತು."

"ನನಗ ಪಾಲು ಬೇಕಾಗಿದ್ದಿಲ್ರಿ! ಪಾಲಾದ್ರ ರವಿವಾರ ನಿಮ್ಮನ್ನ ನೋಡಾಕ ಬರಾಕ... ಯಾವ ನೆವ ಉಳೀತಿತ್ತು ಹೇಳ್ರಿ?"

ಸುಭಾಸ ಬಹಳ ಹೊತ್ತು ಬಕೀಟಿನೊಳಗೆ ಬಗ್ಗಿಯೇ ಇದ್ದ. ನೋಡಬೇಕೆಂದಿದ್ದ ಮರಿಗಳು ಅಲ್ಲಿದ್ದವು. ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು.

"ನಮ್ಮವ್ವ ಪಾಲಿಗೆ ಕೊಟ್ಟಿದ್ದ ಒಂದ ಆಡು ವಾಪಸ್ ತರಲೇ ಇಲ್ಲ, ಗೊತ್ತೇನ್ರಿ?"

"ಯಾಕ?"

"ಆ ಮನಿ ಹುಡುಗ ನಮ್ಮ ಅಕ್ಕನ್ನ ಲಗ್ನ ಆದ. ಬೀಗರ ಕಡೆ ಹೋಗಿ ಪಾಲು ಹೆಂಗ ಕೇಳೂದು? ಆಡು ಅಲ್ಲೇ ಉಳೀತು."

ಪಲ್ಲವಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದಳು.

"ಹಂಗಾದ್ರ... ಈ ಬಕೀಟು?"

"ತಿರುಗಿ ದೇವಣಗಾಂವಕ್ಕ. ನಾನ ಹಿಡೀತೇನಿ. ನಿಮ್ಮ ಅಪ್ಪಾರು ಮನ್ಯಾಗ ಅದಾರೇನು?"

"ಅದಾರ್ರಿ... ಯಾಕ ಬಂದಾರ ಅಂತ ಕೇಳಿದ್ರ?"

"ಮೀನಿನ ಪಾಲು ಬಿಟ್ಟು ಮಗಳ ಕೈ ಕೇಳಾಕ ಬಂದಾನ ಅಂತ ಹೇಳ್ರಿ."

ಅವನು ಶಟರ್ ಎಳೆದು ಬಕೀಟು ಎತ್ತಿಕೊಂಡ. ಕಣ್ಣೀರಿನಲ್ಲೇ ನಗುತ್ತ ಅವಳು ಇನ್ನೊಂದು ಕಡೆಯಿಂದ ಹಿಡಿಕೆಗೆ ಕೈ ಹಾಕಿದಳು.

"ಮೆಲ್ಲಕ ನಡೀರಿ," ಎಂದಳು. "ಮರಿಗೋಳಿಗೆ ಮೀಸಿ ಈಗರೆ ಮೂಡ್ಯಾವ."